ಒಣಗಿದ ನೊರೆ

ನನ್ನ ತಮ್ಮ ಹಗಲು ಹೊತ್ತು ನಿದ್ದೆ ಮಾಡುವುದಿಲ್ಲ. ಇದು ಅವನೇ ಹೇಳುವ ಮಾತು. ಹೇಳುತ್ತಿರುವಾಗಲೇ ಕೆಲವೊಮ್ಮೆ ಅರ್ಧಕ್ಕೆ ನಿದ್ದೆ ಹೋಗಿಬಿಡುತ್ತಾನೆ, ಅದು ಬೇರೆ ವಿಷಯ.

ತೂಕಡಿಸುವವರು ಲೋಕದಲ್ಲಿ ಎಷ್ಟು ಜನರಿಲ್ಲ? ಲೈಬ್ರರಿಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ದಪ್ಪ ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಿದವರನ್ನು ದಿನಾ ನೋಡುತ್ತಿದ್ದೆ. ಯಾರಿಗೂ ಅದರಿಂದ ಕೆಡುಕಾಗಲಿಲ್ಲ. ಆದರೆ ನನ್ನ ತಮ್ಮ ಕ್ಷೌರಿಕ. ಅವನಿಗೆ ನಿದ್ದೆ ಬರುವುದು ಕೈಯಲ್ಲಿ ಕತ್ತಿ ಹಿಡಿದು, ಆ ಕತ್ತಿ ಇನ್ನೊಬ್ಬರ ಗಂಟಲ ಮೇಲಿರುವಾಗ.

ಅಂಗಡಿ ಕೆಳಗೆ, ಮನೆ ಮೇಲೆ. ಅಪ್ಪ ಮಾಡಿದ ಅಂಗಡಿ ಅದು. ಅಲ್ಲಿಯ ದುಡಿಮೆಯಿಂದಲೇ ಅವರು ನನ್ನನ್ನು ಕಾಲೇಜಿಗೆ ಕಳಿಸಿದ್ದು. ಈಗ ನಾನು ನಿವೃತ್ತಳಾಗಿ ತಮ್ಮನ ಮನೆಯ ಒಂದು ಕೋಣೆಯಲ್ಲಿದ್ದೇನೆ. ಮಧ್ಯಾಹ್ನ ಆ ಕೋಣೆ ಕಾದ ಹಂಚಿನಂತಾಗುವುದರಿಂದ ಊಟವಾದ ಮೇಲೆ ಪೇಪರ್ ಹಿಡಿದುಕೊಂಡು ಅಂಗಡಿಗೆ ಇಳಿದು ಬರುತ್ತೇನೆ. ಕಿಟಕಿ ಪಕ್ಕದ ಬೆಂಚಿನ ತುದಿ ನನ್ನದು. ಗಂಡಸರ ಅಂಗಡಿಯಲ್ಲಿ ಈ ಮುದುಕಿಗೇನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಬರುವವರಲ್ಲಿ ಅರ್ಧ ಜನ ಅಪ್ಪನ ಕಾಲದಲ್ಲಿ ಹುಡುಗರಾಗಿ ಕುರ್ಚಿಯ ಅಡ್ಡ ಹಲಗೆ ಮೇಲೆ ಕೂತು, ಕತ್ತರಿ ಶಬ್ದಕ್ಕೆ ಹೆದರಿ ಅತ್ತವರು. ಅವರ ಅಳುವನ್ನು ನಾನು ಕಂಡಿದ್ದೇನೆ. ಹಾಗಾಗಿ ನನ್ನೆದುರು ಅವರಿಗೆ ಬಿಂಕವಿಲ್ಲ.

ತಮ್ಮನಿಗೆ ಗಡ್ಡ ಮಾಡುವಾಗ ಮಾತು ಬೇಕು. ಮಾತಿನ ನಡುವೆಯೇ ಅವನಿಗೆ ಅದು ಆಗುತ್ತಿತ್ತು. ಒಂದು ಸಲ ಬೀದಿಯ ನೀರಿನ ಪೈಪು ಒಡೆದ ಕತೆ ಹೇಳುತ್ತಿದ್ದ. "ಆಮೇಲೆ ಪೈಪಿನವನು ಬಂದ ನೋಡಿ, ಬಗ್ಗಿದ, ಕೈ ಹಾಕಿದ..." ಎಂದು ನಿಲ್ಲಿಸಿದ. ನಾನು ಪೇಪರಿನಿಂದ ತಲೆಯೆತ್ತಿದೆ. ಅವನು ನಿಂತೇ ಇದ್ದ. ಎಡಗೈ ಹೆಬ್ಬೆರಳು ಗಿರಾಕಿಯ ದವಡೆಯ ಮೇಲೆ, ಬಲಗೈಯ ಕತ್ತಿ ಗಂಟಲ ಉಬ್ಬಿನ ಪಕ್ಕ, ಕಣ್ಣು ಮುಚ್ಚಿದೆ, ತುಟಿ ಸ್ವಲ್ಪ ತೆರೆದಿದೆ. ಫ್ಯಾನಿನ ಕಟಕಟ ಬಿಟ್ಟರೆ ಅಂಗಡಿಯಲ್ಲಿ ಸದ್ದಿಲ್ಲ. ಕುರ್ಚಿಯಲ್ಲಿದ್ದಾತ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾನೆ, ಉಗುಳು ನುಂಗಲೂ ಭಯ. ನಾನು ಏಳಬೇಕು ಅನ್ನುವಷ್ಟರಲ್ಲಿ ತಮ್ಮ ಕಣ್ಣು ಬಿಟ್ಟು, "...ತಲೆ ಅಲ್ಲಾಡಿಸಿ ಹೊರಟೇ ಹೋದ!" ಎಂದು ವಾಕ್ಯ ಮುಗಿಸಿ, ತಾನೇ ನಕ್ಕ.

ಅವನ ಲೆಕ್ಕದಲ್ಲಿ ಅದು ಒಂದೇ ಉಸಿರಿನಲ್ಲಿ ಹೇಳಿದ ವಾಕ್ಯ.

"ಏನೋ, ನಿದ್ದೆ ಹೋಗಿದ್ಯಲ್ಲೋ!" ಎಂದೆ, ಗಿರಾಕಿ ಹೋದ ಮೇಲೆ.

"ಯಾರು, ನಾನಾ? ನಿನಗೇ ಕಣ್ಣು ಹತ್ತಿರ್ಬೇಕು. ಪೇಪರ್ ಹಿಡ್ಕೊಂಡು ಕೂತ್ರೆ ನಿನಗೆ ಅದೇ ಕೆಲಸ."

"ಕಣ್ಣು ಮುಚ್ಚಿತ್ತು ನಿಂದು."

"ಅಪ್ಪ ಕಲಿಸಿದ್ದು ಮರೆತುಹೋಯ್ತಾ?"

ಇದೊಂದು ಬೀಗ. ಇದಕ್ಕೆ ಕೀಲಿಯೇ ಇರಲಿಲ್ಲ. ಗಂಟಲ ಮೇಲಿನ ಕೂದಲು ಒಬ್ಬೊಬ್ಬರಿಗೆ ಒಂದೊಂದು ಕಡೆ ತಿರುಗಿ ಬೆಳೆಯುತ್ತದೆ, ಅದನ್ನು ಕಣ್ಣಿನಿಂದ ನೋಡಬಾರದು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಿಳಿಯಬೇಕು ಎಂದು ಅಪ್ಪ ಕಲಿಸಿದ್ದು ನಿಜ. ಅಪ್ಪನೂ ಹಾಗೇ ಮಾಡುತ್ತಿದ್ದರು. ಆದರೆ ಅಪ್ಪನ ಕಣ್ಣು ಮುಚ್ಚಿದಾಗ ಬೆರಳು ನಡೆಯುತ್ತಿತ್ತು. ಇವನದು ಬೆರಳೂ ಮಲಗುತ್ತಿತ್ತು.

ತಮ್ಮನ ಹೆಂಡತಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಒಂದು ಮಧ್ಯಾಹ್ನ ಬೇಗ ಬಂದವಳು ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಅವನ ವಿಡಿಯೋ ತೆಗೆದಳು. ರಾತ್ರಿ ಊಟಕ್ಕೆ ಕೂತಾಗ ಅವನ ಮುಂದೆ ಹಿಡಿದಳು. ಅವನು ನೋಡಿದ. ಪೂರ್ತಿ ನೋಡಿದ. ಆಮೇಲೆ, "ನೋಡು, ಕೈ ಎಷ್ಟು ಸ್ಥಿರವಾಗಿದೆ! ಇದನ್ನ ಎದುರಂಗಡಿ ಇಟ್ಟಿರೋ ನನ್ನ ಶಿಷ್ಯನಿಗೆ ತೋರಿಸ್ಬೇಕು" ಅಂದ.

ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಅಕ್ಕಾ, ನಿಮ್ಮ ತಮ್ಮನಿಗೆ ನೀವೇ ಹೇಳಿ. ನನಗೆ ಸಾಕಾಯ್ತು. ರಾತ್ರಿಯೆಲ್ಲ ಗೊರಕೆ. ಮಧ್ಯದಲ್ಲಿ ಉಸಿರೇ ನಿಲ್ಲತ್ತೆ. ಬದುಕಿದಾರೋ ಇಲ್ವೋ ಅಂತ ನಾನು ಮೂಗಿನ ಹತ್ರ ಕೈ ಹಿಡಿದು ಕೂತಿರ್ತೀನಿ. ನಮ್ಮ ಡಾಕ್ಟರಮ್ಮನ್ನ ಕೇಳ್ದೆ. ಇದು ಕಾಯಿಲೆ ಅಂತೆ, ರಾತ್ರಿ ನಿದ್ದೆ ನಿದ್ದೆಯಾಗಿರಲ್ಲ, ಅದಕ್ಕೇ ಹಗಲು ಎಳೆದುಕೊಂಡು ಹೋಗತ್ತೆ ಅಂದ್ರು. ಒಂದು ರಾತ್ರಿ ಬಂದು ಮಲಗಿದ್ರೆ ತಲೆಗೆ ಎದೆಗೆ ವೈರು ಹಚ್ಚಿ ನೋಡ್ತಾರಂತೆ. ಔಷಧಿಗಿಂತ ಒಳ್ಳೇದು, ಒಂದು ಉಸಿರಿನ ಯಂತ್ರ ಇದೆಯಂತೆ."

"ಹಗಲು ನಿದ್ದೇನೇ ಬರದವನಿಗೆ ನಿದ್ದೆ ಪರೀಕ್ಷೆ ಯಾಕೆ? ಊಟ ಮಾಡ್ದೆ ಇರೋನಿಗೆ ಅಜೀರ್ಣದ ಔಷಧಿ ಕೊಟ್ಟ ಹಾಗೆ" ಎಂದ ತಮ್ಮ. ಎಂದವನೇ ತುತ್ತು ಕೈಯಲ್ಲಿರುವಂತೆಯೇ ಗಲ್ಲವನ್ನು ಎದೆಗೆ ಊರಿದ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಅವನ ಬೆರಳಿನಿಂದ ತುತ್ತು ಬಟ್ಟೆ ಮೇಲೆ ಬೀಳದ ಹಾಗೆ ತಟ್ಟೆಯನ್ನು ಸದ್ದಿಲ್ಲದೆ ಅದರಡಿಗೆ ಸರಿಸಿದಳು. ಅಷ್ಟು ಬೈದವಳೇ. ಅವನು ಎಚ್ಚೆತ್ತು, "ಉಪ್ಪು ಕಮ್ಮಿಯಾಗಿದೆ" ಅಂದ.

ಇಷ್ಟೇ ಆಗಿದ್ದರೆ ನಾನು ಹಣೆ ಚಚ್ಚಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಅವನಿಗೆ ಒಂದು ಸುಳಿವು ಸಿಕ್ಕಿತು, ಮತ್ತು ಅವನು ಅದನ್ನು ಹಿಡಿದುಕೊಂಡು ತಪ್ಪು ದಾರಿಯಲ್ಲಿ ಬಹಳ ದೂರ ಹೋದ. ಆ ಸುಳಿವು ನೊರೆ. ಕೆನ್ನೆಗೆ ಹಚ್ಚಿದ ಸೋಪಿನ ನೊರೆ ಬೆಣ್ಣೆಯಂತೆ ಮೆತ್ತಗೆ ನಿಲ್ಲಬೇಕು. ಹೆಚ್ಚು ಹೊತ್ತು ಬಿಟ್ಟರೆ ಒಣಗಿ ಸಣ್ಣಗೆ ಬಿರುಕು ಬಿಡುತ್ತದೆ. ಇವನು ಕಣ್ಣು ಬಿಟ್ಟು ನೋಡಿದರೆ ಈಗ ತಾನೇ ಹಚ್ಚಿದ ನೊರೆ, ಅಂದರೆ ಅವನ ಪ್ರಕಾರ ಈಗ ತಾನೇ ಹಚ್ಚಿದ್ದು, ಸುಣ್ಣದ ಗೋಡೆಯಂತೆ ಒಣಗಿರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅರ್ಥವಾಗುತ್ತಿತ್ತು. ಇವನಿಗೂ ಅರ್ಥವಾಯಿತು: ಸೋಪು ಕಲಬೆರಕೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಸೋಪು ಡೊಂಕು ಅಂದ. ಒಂದು ಸೋಪು ಬಿಟ್ಟು ಇನ್ನೊಂದು ತಂದ, ಅದನ್ನು ಬಿಟ್ಟು ಮತ್ತೊಂದು. ಕಪಾಟಿನಲ್ಲಿ ಅರ್ಧ ಬಳಸಿದ ಸೋಪಿನ ಬಿಲ್ಲೆಗಳು ಸಾಲುಗಟ್ಟಿದವು. ಕೊನೆಗೆ ಮೂಲೆಯ ಕಿರಾಣಿ ಅಂಗಡಿಯ ಯಜಮಾನಿಯ ಜೊತೆ ಜಗಳಕ್ಕೇ ಹೋದ. ತಡೆಯೋಣ ಎಂದು ನಾನೂ ಹಿಂದೆ ಹೋದೆ.

"ಹಚ್ಚೋದರೊಳಗೆ ಒಣಗತ್ತಲ್ಲಮ್ಮ, ಏನು ಮಾರ್ತೀರಿ ನೀವು, ಸೋಪೋ ಸೀಮೆಸುಣ್ಣಾನೋ?"

ಆಕೆ ಲೋಕ ಕಂಡವಳು. ಅವನ ಕೈಯಲ್ಲಿದ್ದ ಬಿಲ್ಲೆಯನ್ನೇ ತೆಗೆದುಕೊಂಡು, ನೀರು ಹಾಕಿ ತನ್ನ ಮುಂಗೈಗೆ ಉಜ್ಜಿಕೊಂಡು ನೊರೆ ಮಾಡಿ, ಹಾಗೇ ಬಿಟ್ಟು ಬೇರೆಯವರಿಗೆ ಬೇಳೆ ತೂಗಿದಳು, ಎಣ್ಣೆ ಕಟ್ಟಿದಳು, ಚಿಲ್ಲರೆ ಕೊಟ್ಟಳು. ಆಮೇಲೆ ಕೈ ಚಾಚಿದಳು. ನೊರೆ ಹಾಗೇ ಇತ್ತು.

"ಎಲ್ಲಪ್ಪ ಒಣಗಿದೆ?"

ತಮ್ಮ ಮುಟ್ಟಿ ನೋಡಿದ. ಮೂಸಿ ನೋಡಿದ. ನನಗೆ ಇನ್ನು ದಾರಿಗೆ ಬಂದ ಅನ್ನಿಸಿತು. ಅವನು ತಲೆಯಾಡಿಸಿ, "ಓಹೋ, ಹಾಗಾದ್ರೆ ಫ್ಯಾನು" ಅಂದ.

ಅವತ್ತಿನಿಂದ ಗಡ್ಡ ಮಾಡುವಾಗ ಫ್ಯಾನು ಬಂದ್. ಸೆಕೆಗೆ ಗಿರಾಕಿಗಳು ಬೆವರಿಳಿಸಿಕೊಂಡು ಕೂತರು. ಸೆಕೆಗೆ ಅವನ ಜೋಂಪು ಇನ್ನೂ ಹೆಚ್ಚಾಯಿತು. ನಾನು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಾ ದೇವರೇ ಅಂದುಕೊಂಡೆ.

ನನಗೆ ಸಿಟ್ಟು ತಮ್ಮನ ಮೇಲೆ ಮಾತ್ರ ಇರಲಿಲ್ಲ. ಈ ಗಿರಾಕಿಗಳಿಗೇನಾಗಿದೆ? ಒಬ್ಬನಾದರೂ ಬಾಯಿ ಬಿಡಬಾರದೇ? ಒಬ್ಬ ಟೈಲರು ಬರುತ್ತಿದ್ದ. ಅವನು ತಮ್ಮನ ಮಾತು ನಿಲ್ಲಬಾರದೆಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ, ಗಂಟಲ ಮೇಲೆ ಕತ್ತಿಯಿಟ್ಟುಕೊಂಡೇ. ಇನ್ನೊಬ್ಬ ಎಲೆಕ್ಟ್ರಿಷಿಯನ್ ಸರಿಯಾದ ಹೊತ್ತಿಗೆ ಸುಳ್ಳೇ ಕೆಮ್ಮುತ್ತಿದ್ದ. ಎಲ್ಲರಿಗಿಂತ ಹೆಚ್ಚಿನವರು ನಿವೃತ್ತ ಪೋಸ್ಟ್‌ಮಾಸ್ಟರು. ಅವರ ಗಡ್ಡ ಅಪ್ಪನ ಕಾಲದಿಂದಲೂ ಇಲ್ಲೇ. ತಮ್ಮನ ಕಣ್ಣು ಮುಚ್ಚಿ ಮಾತು ನಿಂತ ಕೂಡಲೇ ಅವರು ಹೊದಿಸಿದ ಬಟ್ಟೆಯ ಅಡಿಯಿಂದ ಕೈ ತೆಗೆದು, ಎರಡು ಬೆರಳಿನಲ್ಲಿ ಅವನ ಮಣಿಕಟ್ಟನ್ನು ಹಿಡಿದು, ಕತ್ತಿಯನ್ನು ಗಂಟಲಿನಿಂದ ತುಸು ದೂರ ಮಾಡಿ ಹಾಗೇ ಹಿಡಿದುಕೊಂಡಿರುತ್ತಿದ್ದರು, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವವರಂತೆ. ಅವನು ಅಲುಗಾಡಿದ ತಕ್ಷಣ ಕೈ ಬಟ್ಟೆಯೊಳಗೆ ಮಾಯ.

ಅದನ್ನು ಮೊದಲ ಸಲ ಕಂಡಾಗ ನನ್ನ ಕಣ್ಣು ತುಂಬಿ ಬಂತು. ಹಲವು ಸಲ ಕಂಡ ಮೇಲೆ ಮೈ ಉರಿಯಿತು. ಹೊರಗೆ ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿ ಕೇಳಿದೆ.

"ಯಾಕೆ ಹೇಳಲ್ಲ ಸಾರ್ ಅವನಿಗೆ?"

"ಹೇಗೆ ಹೇಳ್ಲಮ್ಮ? ನೊಂದ್ಕೋತಾನೆ. ಅವನಿಗೆ ಆ ಕತ್ತಿ ಬಿಟ್ರೆ ಏನಿದೆ?"

"ನಿಮ್ಮ ಕತ್ತು ಕೊಯ್ದ ಮೇಲೆ ನೊಂದ್ಕೊಳಲ್ವಾ?"

ಅವರು ನುಣುಪಾದ ಗಲ್ಲ ಸವರಿಕೊಂಡು ನಕ್ಕರು. "ನಾನು ಹುಷಾರಾಗಿರ್ತೀನಿ ಬಿಡಿ."

"ನೀವು ಹುಷಾರಾಗಿರ್ತೀರಿ. ನಾಳೆ ದಾರೀಲಿ ಹೋಗೋ ಯಾರೋ ಗೊತ್ತಿಲ್ಲದವನು ಬಂದು ಕೂರ್ತಾನೆ. ಅವನಿಗೆ ಇವೆಲ್ಲ ಕಲಿಸಿ ಕೂರಿಸ್ಲಾ?"

ಅವರು ನಮಸ್ಕಾರ ಹೇಳಿ ಹೊರಟುಹೋದರು, ಮತ್ತೆ ಗಡ್ಡ ಬೆಳೆದಾಗ ಬಂದರು.

ಅವತ್ತು ಬೀದಿಯಲ್ಲಿ ಎಲೆ ಅಲುಗುತ್ತಿರಲಿಲ್ಲ. ಫ್ಯಾನು ಬಂದ್. ಬೆಂಚಿನ ಮೇಲೆ ನಾನೊಬ್ಬಳೇ. ತಮ್ಮ ನೊರೆ ಹಚ್ಚಿ, ಒಂದು ಕೆನ್ನೆ ಮುಗಿಸಿ, ಗಂಟಲಿಗೆ ಬಂದ. ಹೆಬ್ಬೆರಳಿಟ್ಟ, ಕಣ್ಣು ಮುಚ್ಚಿದ. ಮಾತು ನಿಂತಿತು. ಎಂದಿನಂತೆ ಪೋಸ್ಟ್‌ಮಾಸ್ಟರ ಕೈ ಬಟ್ಟೆಯಿಂದ ಹೊರಬಂದು ಅವನ ಮಣಿಕಟ್ಟು ಹಿಡಿಯಿತು. ನಾನು ನೋಡುತ್ತಲೇ ಇದ್ದೆ. ಆ ಸೆಕೆಗೋ, ವಯಸ್ಸಿಗೋ, ಪೋಸ್ಟ್‌ಮಾಸ್ಟರ ರೆಪ್ಪೆಗಳೂ ಮೆಲ್ಲಗೆ ಇಳಿದವು. ಮಣಿಕಟ್ಟಿನ ಮೇಲಿನ ಬೆರಳು ಸಡಿಲವಾಯಿತು. ಕತ್ತಿ ನಿಧಾನವಾಗಿ ಮೊದಲಿನ ಜಾಗಕ್ಕೆ, ಗಂಟಲ ಮೇಲಕ್ಕೆ ಮರಳಿತು. ಈಗ ಇಬ್ಬರೂ ಮಲಗಿದ್ದಾರೆ.

ಕೂಗಲೇ? ಬೆಚ್ಚಿದರೆ ಕತ್ತಿ ಒಳಗೆ ಹೋಗುತ್ತದೆ. ಏಳಲೇ? ಆ ಹಳೇ ಬೆಂಚು ಎದ್ದರೆ ಕಿರ್ರೆನ್ನುತ್ತದೆ. ನಾನು ಪೇಪರನ್ನು ಮಡಿಲಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂತೆ. ಜೀವಮಾನದಲ್ಲಿ ಅಷ್ಟು ಎಚ್ಚರವಾಗಿ ನಾನು ಎಂದೂ ಇರಲಿಲ್ಲ. ಪೋಸ್ಟ್‌ಮಾಸ್ಟರು ಸಣ್ಣಗೆ ಗೊರಕೆ ಶುರುಮಾಡಿದರು. ಗೊರಕೆಗೆ ಗಂಟಲು ಏರಿತು, ಇಳಿಯಿತು, ಕತ್ತಿಯ ಕೆಳಗೆ.

ಆ ಗೊರಕೆಗೇ ತಮ್ಮನಿಗೆ ಎಚ್ಚರವಾಯಿತು. ಕಣ್ಣು ಬಿಟ್ಟವನು ಮೊದಲು ಪೋಸ್ಟ್‌ಮಾಸ್ಟರ ಮುಖ ನೋಡಿದ, ಆಮೇಲೆ ತನ್ನ ಮಣಿಕಟ್ಟಿನ ಮೇಲಿದ್ದ ಆ ಎರಡು ಬೆರಳನ್ನು. ಕತ್ತಿಯನ್ನು ಮೆಲ್ಲಗೆ ಎತ್ತಿದ. ಚರ್ಮಕ್ಕೇನೂ ಆಗಿರಲಿಲ್ಲ. ನನ್ನ ಉಸಿರು ಆಗ ಹೊರಬಂತು.

"ಸಾರ್! ಸಾರ್! ಏನ್ ಸಾರ್ ನೀವು, ಗಂಟಲ ಮೇಲೆ ಕತ್ತಿ ಇದೆ, ಗೊರಕೆ ಹೊಡೀತಿದೀರಲ್ಲ!"

ಪೋಸ್ಟ್‌ಮಾಸ್ಟರು ಕಣ್ಣು ಬಿಟ್ಟರು. "ಯಾರು? ನಾನೆಲ್ಲಪ್ಪ ಮಲಗಿದ್ದೆ? ಸುಮ್ನೆ ಕಣ್ಣು ಮುಚ್ಚಿದ್ದೆ."

"ಅಯ್ಯೋ, ನಾನೇ ಕೇಳಿಸ್ಕೊಂಡೆ!"

"ಬೀದೀಲಿ ಯಾವುದೋ ಸ್ಕೂಟರ್ ಹೋಗಿರ್ಬೇಕು."

"ನೋಡಕ್ಕಾ, ನೋಡು! ಕಣ್ಣೆದುರಿಗೆ ಮಲಗಿ ಇಲ್ಲ ಅಂತಾರೆ! ಈ ವಯಸ್ಸಲ್ಲಿ ಇಷ್ಟು ಸುಳ್ಳಾ?" ತಮ್ಮನ ಮುಖ ಕೆಂಪಾಗಿತ್ತು. ಅವನ ಸಂಕಟ ಕಂಡು ನನಗೆ ಎಲ್ಲಿಲ್ಲದ ತೃಪ್ತಿಯಾಯಿತೆಂದು ಹೇಳಲೇಬೇಕು. ಮನೆಮಂದಿ ಅನುಭವಿಸುತ್ತಿದ್ದುದರ ಒಂದು ಚಮಚ ಅವನ ಬಾಯಿಗೂ ಬಿತ್ತು.

ಆಮೇಲೆ ಅವನು ಕೇಳಿದ, "ಅದಿರ್ಲಿ, ನನ್ನ ಕೈ ಯಾಕೆ ಹಿಡ್ಕೊಂಡಿದ್ರಿ?"

ಪೋಸ್ಟ್‌ಮಾಸ್ಟರು ಕೈಯನ್ನು ಬಟ್ಟೆಯೊಳಗೆ ಎಳೆದುಕೊಂಡರು. ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಏನೋ... ಆಸರೆಗೆ ಹಿಡಿದೆ ಅಂತ ಕಾಣತ್ತೆ. ತಲೆ ಸುತ್ತಿದ ಹಾಗಾಯ್ತು. ಇದೇ ಮೊದಲು."

ಎಂಥ ಒಳ್ಳೆಯ ಮನುಷ್ಯ! ನಿದ್ದೆ ಮಾಡಿದ್ದನ್ನು ಒಪ್ಪದವರು, ತನಗಿಲ್ಲದ ಕಾಯಿಲೆಯನ್ನು ಒಪ್ಪಿಕೊಳ್ಳಲು ತಯಾರು. ಆ ಒಳ್ಳೆಯತನವೇ ಇಷ್ಟು ದಿನ ನನ್ನ ತಮ್ಮನ ಕೈಯಲ್ಲಿ ಕತ್ತಿಯನ್ನು ಉಳಿಸಿತ್ತು.

"ಸುಳ್ಳು" ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. "ಬಂದಾಗಲೆಲ್ಲ ಹಿಡೀತಾರೆ ಕಣೋ. ನೀನು ನಿದ್ದೆ ಹೋಗ್ತೀಯ, ಅವರು ಕೈ ಹಿಡ್ಕೊಂಡು ಕಾಯ್ತಾರೆ. ಟೈಲರು ಪ್ರಶ್ನೆ ಕೇಳ್ತಾನೆ, ಎಲೆಕ್ಟ್ರಿಷಿಯನ್ ಕೆಮ್ತಾನೆ. ಊರೆಲ್ಲ ಸೇರಿ ನಿನ್ನ ಕತ್ತಿ ಕಾಯ್ತಿದೆ. ಇವತ್ತು ಕಾಯೋರೇ ಮಲಗಿಬಿಟ್ರು."

ತಮ್ಮ ಪೋಸ್ಟ್‌ಮಾಸ್ಟರ ಕಡೆ ತಿರುಗಿದ. "ಹೌದಾ ಸಾರ್?"

ಅವರು ಬಟ್ಟೆಯ ಅಂಚನ್ನು ಸರಿಮಾಡಿಕೊಂಡರು.

"ನೀವೆಲ್ಲ ಒಂದಾಗಿದೀರಿ" ಎಂದ ತಮ್ಮ. "ಕಣ್ಣು ಮುಚ್ಚೋದು ಕೆಲಸದ ಕ್ರಮ ಅಂತ ಎಷ್ಟು ಸಲ ಹೇಳ್ಲಿ? ಇರ್ಲಿ, ಮೊದಲು ಗಡ್ಡ ಮುಗಿಸ್ತೀನಿ." ಬ್ರಶ್ಶು ಅದ್ದಿ ಉಳಿದ ಕೆನ್ನೆಗೂ ಗಂಟಲಿಗೂ ಹೊಸ ನೊರೆ ಹಚ್ಚಿದ. ಹೆಬ್ಬೆರಳಿಟ್ಟ. ಕಣ್ಣು ಮುಚ್ಚಲು ಹೋದವನು ಮುಚ್ಚಲಿಲ್ಲ. ಕತ್ತಿ ಹಿಡಿದ ಕೈ ಗಂಟಲ ಹತ್ತಿರ ಬಂತು, ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು. ಪೋಸ್ಟ್‌ಮಾಸ್ಟರು ಅವನಿಗೆ ಅನುಕೂಲವಾಗಲೆಂದು ಗಲ್ಲ ಇನ್ನಷ್ಟು ಮೇಲೆತ್ತಿ ಗಂಟಲನ್ನು ಪೂರ್ತಿ ಒಡ್ಡಿದರು. ಅದನ್ನು ನೋಡಿ ಅವನು ಕೈ ಹಿಂದೆಗೆದ.

ಕತ್ತಿ ಮಡಿಸಿ ಮೇಜಿನ ಮೇಲಿಟ್ಟ. "ಬ್ಲೇಡು ಮೊಂಡಾಗಿದೆ" ಅಂದ.

ಸೋಪು, ಫ್ಯಾನು, ಈಗ ಬ್ಲೇಡು. ನನಗೆ ರೇಗಿತು. ಆದರೆ ಅವನು ಹೊಸ ಬ್ಲೇಡು ತೆಗೆಯಲಿಲ್ಲ. ಬಾಗಿಲಿಗೆ ಹೋಗಿ ಬೀದಿಯಾಚೆ ನೋಡುತ್ತಾ ನಿಂತ. ಎದುರಂಗಡಿಯವನು ನಮ್ಮಲ್ಲೇ ಕೆಲಸ ಕಲಿತು, ನಮ್ಮೆದುರೇ ಗಾಜಿನ ಬಾಗಿಲಿನ ಅಂಗಡಿ ಹಾಕಿದವನು. ಅವತ್ತಿನಿಂದ ತಮ್ಮ ಆ ಕಡೆ ಫುಟ್‌ಪಾತ್ ಮೇಲೂ ನಡೆಯುವುದಿಲ್ಲ.

"ಏಳಿ ಸಾರ್" ಅಂದ. "ಅರ್ಧ ಮುಖ ಇಟ್ಕೊಂಡು ಮನೆಗೆ ಹೋಗೋಕಾಗಲ್ಲ."

ಪೋಸ್ಟ್‌ಮಾಸ್ಟರು ಕೊರಳಲ್ಲಿ ಬಟ್ಟೆ, ಒಂದು ಕೆನ್ನೆ ಪೂರ್ತಿ ನೊರೆ, ಹಾಗೇ ಬೀದಿ ದಾಟಿದರು. ತಮ್ಮ ಅವರ ಮೊಣಕೈ ಹಿಡಿದಿದ್ದ. ನಾನು ಹಿಂದೆ. ಒಂದು ಆಟೋ ನಿಂತು ದಾರಿ ಬಿಟ್ಟಿತು, ಡ್ರೈವರ್ ನಗಲಿಲ್ಲ. ಎದುರಂಗಡಿಯವನು ಗಾಜಿನ ಬಾಗಿಲು ತೆರೆದು ನಮ್ಮನ್ನು ನೋಡಿ ಒಂದು ಗಳಿಗೆ ಬೆಪ್ಪಾದ. ಆಮೇಲೆ, "ಬನ್ನಿ ಅಣ್ಣ" ಎಂದಷ್ಟೇ ಅಂದ. ಯಾಕೆ ಅಂತ ಕೇಳಲಿಲ್ಲ. ಕುರ್ಚಿ ತಿರುಗಿಸಿ ಪೋಸ್ಟ್‌ಮಾಸ್ಟರನ್ನು ಕೂರಿಸಿದ. ತಮ್ಮ ಮೆತ್ತನೆಯ ಸೋಫಾದ ತುದಿಯಲ್ಲಿ, ಸಾಲ ಕೇಳಲು ಬಂದವನಂತೆ ಕೂತ.

"ಗಂಟಲ ಎಡಗಡೆ ಸುಳಿ ಇದೆ, ಮೇಲ್ಮುಖವಾಗಿ ಎಳೀಬೇಡ" ಎಂದ.

"ಗೊತ್ತಣ್ಣ. ನೀವೇ ಕಲಿಸಿದ್ದು."

"ಹಾಂ. ಏನೇ ಹೇಳು, ಈ ಗಾಜಿನ ಬಾಗಿಲು..." ಎಂದವನ ಗಲ್ಲ ಎದೆಗಿಳಿಯಿತು.

ಎದುರಂಗಡಿಯವನು ಕನ್ನಡಿಯಲ್ಲಿ ಅದನ್ನು ಕಂಡ. ಕೈ ಚಾಚಿ ರೇಡಿಯೋ ನಿಲ್ಲಿಸಿದ. ನಿಧಾನವಾಗಿ ಕೆಲಸ ಮಾಡಿದ. ಎಳೆದ, ಒರೆಸಿದ, ಇನ್ನೊಮ್ಮೆ ನೊರೆ ಹಚ್ಚಿ ಇನ್ನೊಮ್ಮೆ ಎಳೆದ. ಬಿಸಿ ಟವೆಲ್ ಹಾಕಿದ, ತೆಗೆದ. ಮೀಸೆಯ ತುದಿ ಸರಿ ಮಾಡಿದ. ಪೋಸ್ಟ್‌ಮಾಸ್ಟರು ಎದ್ದು ಬಂದು ತಮ್ಮನ ಎದುರು ನಿಂತರು.

ತಮ್ಮ ಕಣ್ಣು ಬಿಟ್ಟ. "...ಸೆಕೆ ಹೆಚ್ಚು ಮಾಡತ್ತೆ" ಎಂದು ವಾಕ್ಯ ಮುಗಿಸಿದ. ತಲೆಯೆತ್ತಿ ಪೋಸ್ಟ್‌ಮಾಸ್ಟರ ಮುಖ ನೋಡಿ ಹುಬ್ಬು ಗಂಟಿಕ್ಕಿದ. "ಏನಿದು, ಆಗ್ಲೇ ಮುಗೀತಾ? ಈಗಷ್ಟೇ ಕೂರಿಸ್ದೆ. ಇಷ್ಟು ಅವಸರದಲ್ಲಿ ಕತ್ತಿ ಎಳೀತಾರೇನೋ?"

"ಅವಸರ ಮಾಡ್ಲಿಲ್ಲಣ್ಣ" ಎಂದ ಎದುರಂಗಡಿಯವನು, ಮೆತ್ತಗೆ.

ತಮ್ಮ ಬೈಯಲೆಂದೇ ಎದ್ದ. ಹತ್ತಿರ ಹೋಗಿ ಪೋಸ್ಟ್‌ಮಾಸ್ಟರ ಗಂಟಲನ್ನು ಹೆಬ್ಬೆರಳಿನಿಂದ ಸವರಿದ. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ಸುಳಿಯ ಸುತ್ತ. ಅಲ್ಲಿ ಎರಡು ಸಲ ಎಳೆದ, ಬಿಸಿ ಟವೆಲ್ ಹಾಕಿದ ಕೆಲಸವಿತ್ತು. ಅವಸರದ ಕೆಲಸ ಹೇಗಿರುತ್ತದೆಂದು ಅವನ ಬೆರಳಿಗೆ ಗೊತ್ತು. ಬೆರಳು ಅಲ್ಲೇ ನಿಂತಿತು. ಅವನು ಗೋಡೆ ಗಡಿಯಾರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬೆರಳು ತೆಗೆದು ಕೇಳಿದ:

"ಎಷ್ಟು ಹೊತ್ತು ಮಲಗಿದ್ದೆ?"

"ಸ್ವಲ್ಪ ಹೊತ್ತಷ್ಟೇ" ಎಂದರು ಪೋಸ್ಟ್‌ಮಾಸ್ಟರು ಥಟ್ಟನೆ.

"ಸಾರ್, ಸಾಕು ಮಾಡಿ" ಎಂದೆವು, ನಾನೂ ತಮ್ಮನೂ ಒಟ್ಟಿಗೆ.

ಆಮೇಲೆ ಅವನು ಎದುರಂಗಡಿಯವನಿಗೆ ಹೇಳಿದ, "ನನ್ನ ಗಿರಾಕಿಗಳ ಗಡ್ಡ ಸ್ವಲ್ಪ ದಿನ ನೀನು ನೋಡ್ಕೋ. ಕೂದಲು ನಾನೇ ಮಾಡ್ತೀನಿ, ಕತ್ತರಿ ಬಿದ್ರೆ ಕಾಲ್ಮೇಲೆ ಬೀಳತ್ತೆ. ಆಸ್ಪತ್ರೇಲಿ ಏನೋ ವೈರು ಹಚ್ತಾರಂತೆ, ಅದು ಮುಗೀಲಿ."

"ಆಯ್ತಣ್ಣ."

ಬೀದಿ ದಾಟುವಾಗ ನನ್ನ ತೋಳು ಹಿಡಿದು, "ನೀನ್ಯಾಕೆ ಮೊದಲೇ ಹೇಳ್ಲಿಲ್ಲ?" ಎಂದು ಕೇಳಿದ.

ನಾನು ಬೀದಿಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಸೈಕಲ್ಲಿನವನು ಗಂಟೆ ಬಾರಿಸಿದ. ಹೇಳಲು ಬಾಯಿ ತುಂಬ ಇತ್ತು. ತಮ್ಮನ ಮುಖ ನೋಡಿದೆ, ನಿಜಕ್ಕೂ ಅವನಿಗೆ ನೆನಪಿರಲಿಲ್ಲ.

"ನಡಿ, ನಡಿ" ಎಂದೆ. "ನಿನ್ನ ಹೆಂಡತಿ ಬರೋ ಹೊತ್ತಾಯ್ತು. ಅವಳನ್ನ ಕೇಳು ಈ ಪ್ರಶ್ನೆ."